ಕಣ್ಣಿನ ಒತ್ತಡ: ತಡ ಮಾಡಿದರೆ ಬೆಳಕು ಬಾರದು
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ಈ ಸಂಘದಲ್ಲಿ ಹಾಲು, ಫ್ಯಾಟು, ಬಟವಾಡೆ ಎಂದೇ ಮಾತಾಡಿಕೊಂಡು ಬಂದಿದ್ದೇವೆ. ಇವತ್ತು ಹಾಲು ಕರೆಯುವವರ ಕಣ್ಣಿನ ಬಗ್ಗೆ ನಾಲ್ಕು ಮಾತು ಆಡುತ್ತೇವೆ. ನಾವು ಡಾಕ್ಟರಲ್ಲ, ರೈತರು. ತಿಳಿದವರಿಂದ ಕೇಳಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಕಣ್ಣಿನ ಪೊರೆ ನಮಗೆಲ್ಲ ಗೊತ್ತು. ಆಪರೇಷನ್ ಮಾಡಿಸಿದರೆ ಸಾಮಾನ್ಯವಾಗಿ ಮತ್ತೆ ಕಾಣುತ್ತದೆ. ಗ್ಲಾಕೋಮ ಹಾಗಲ್ಲ. ಅದರಲ್ಲಿ ನರ ಸತ್ತು ಹೋದ ದೃಷ್ಟಿ ಹೋದಂತೆಯೇ. ಉಳಿದದ್ದನ್ನು ಕಾಪಾಡಬಹುದು, ಅಷ್ಟೇ.

ಕಣ್ಣಿನೊಳಗೆ ಒಂದು ತಿಳಿನೀರು ಸದಾ ಊರುತ್ತದೆ, ಕರಿಗುಡ್ಡೆಯ ಅಂಚಿನ ಮೂಲೆಯಿಂದ ಸದಾ ಹೊರಕ್ಕೆ ಹರಿಯುತ್ತದೆ. ನಮ್ಮ ಕೆರೆಗೆ ತೂಬು ಇದ್ದ ಹಾಗೆ. ಕೆಲವರಿಗೆ ಆ ಮೂಲೆ ಮೊದಲಿನಿಂದಲೇ ಇಕ್ಕಟ್ಟು. ವಯಸ್ಸಾದಂತೆ ಒಳಗಿನ ಮಸೂರ ದಪ್ಪಗಾಗಿ, ಪಾಪೆಯ ಸುತ್ತಲ ಪರದೆ ಮುಂದಕ್ಕೆ ಬಂದು ತೂಬು ಮುಚ್ಚಿಕೊಳ್ಳುತ್ತದೆ. ಒತ್ತಡ ಏರಿ ನೋಟದ ನರ ಸಾಯುತ್ತದೆ.

40 ದಾಟಿದವರು, ಅದರಲ್ಲೂ ಹೆಂಗಸರು, ದೂರಕ್ಕೂ ಪ್ಲಸ್ ಕನ್ನಡಕ ಬೇಕಾದವರು, ಮನೆತನದಲ್ಲಿ ಈ ರೋಗ ಇದ್ದವರು ಎಚ್ಚರವಾಗಿರಬೇಕು. ಬಲಿತ ಪೊರೆಯನ್ನು ಹಾಗೇ ಬಿಟ್ಟರೂ ಒತ್ತಡ ಏರಬಹುದು. ನಮ್ಮ ಪಕ್ಕದ ವೆಲ್ಲೂರಿನಲ್ಲಿ ನಡೆದ ಸಮೀಕ್ಷೆ 1998ರಲ್ಲಿ ಪ್ರಕಟವಾಯಿತು. 30ರಿಂದ 60 ವಯಸ್ಸಿನವರಲ್ಲಿ ಸಾವಿರಕ್ಕೆ ಸುಮಾರು 43 ಮಂದಿಗೆ ಮೂಲೆ ಮುಚ್ಚುವ ಗ್ಲಾಕೋಮ ಇತ್ತಂತೆ. ಆಮೇಲೆ ಆಂಧ್ರ, ಚೆನ್ನೈ ಕಡೆಯ ಸಮೀಕ್ಷೆಗಳಲ್ಲಿ ಲೆಕ್ಕ ಇದಕ್ಕಿಂತ ಕಡಿಮೆ ಬಂತು. ಆದರೂ ಇದು ದೂರದವರ ರೋಗವಲ್ಲ.

ಗುರುತು ಹೇಗೆ? ಇದ್ದಕ್ಕಿದ್ದಂತೆ ಒಂದು ಕಣ್ಣು ಸಿಡಿಯುವ ಹಾಗೆ ನೋವು, ಅದೇ ಕಡೆ ತಲೆನೋವು. ಕಣ್ಣು ಕೆಂಪು, ನೋಟ ಮಂಜು. ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ. ಜೊತೆಗೆ ವಾಂತಿ. ಬ್ಯಾಟರಿ ಬಿಟ್ಟರೂ ಪಾಪೆ ಚಿಕ್ಕದಾಗದೆ ಅಗಲವಾಗಿಯೇ ಇರುತ್ತದೆ. ಸಂಜೆಯ ಮಬ್ಬುಬೆಳಕಿನಲ್ಲಿ ಪಾಪೆ ಅಗಲವಾದಾಗ ಇದು ಶುರುವಾಗುವುದುಂಟು.

ಮೋಸ ಇರುವುದು ಆ ವಾಂತಿಯಲ್ಲೇ. ನಮ್ಮೂರಿನ ಒಬ್ಬ ತಾಯಿಗೆ ಹೀಗಾದಾಗ ಮನೆಯವರು ಪಿತ್ತ ಎಂದರು, ಇನ್ನೊಬ್ಬರು ಮದ್ರಾಸ್ ಐ ಎಂದರು. ನಿಂಬೆಹಣ್ಣಿನ ಪಾನಕದಲ್ಲೇ ಮೂರು ದಿನ ಕಳೆಯಿತು. ಆ ಕಣ್ಣು ಹೋಯಿತು. ಮದ್ರಾಸ್ ಐನಲ್ಲಿ ಪಿಚ್ಚು ಬರುತ್ತದೆ, ಇಷ್ಟು ನೋವು, ವಾಂತಿ ಇರುವುದಿಲ್ಲ. ಈ ವ್ಯತ್ಯಾಸ ಮನೆಮನೆಗೂ ಗೊತ್ತಿರಬೇಕು.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಈ ರೋಗ ಇರುವ ಬಹಳ ಜನಕ್ಕೆ ನೋವೇ ಇರುವುದಿಲ್ಲ. ಸದ್ದಿಲ್ಲದೆ ಪಕ್ಕದ ನೋಟ ಕರಗುತ್ತದೆ. ಹಾಲನ್ನು ನೋಡಿಯೇ ಫ್ಯಾಟು ಹೇಳಲಾಗದು, ಅಳೆಯಬೇಕು. ಕಣ್ಣಿನ ಒತ್ತಡವೂ ಹಾಗೆಯೇ. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ. ಮೂಲೆ ದಿಢೀರನೆ ಮುಚ್ಚಿದಾಗ 40, 50 ದಾಟುತ್ತದೆ. ಒತ್ತಡ ಅಳೆದರೂ ಸಾಲದು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಕನ್ನಡಿಯಿರುವ ಮಸೂರ ಇಟ್ಟು ಮೂಲೆಯನ್ನೇ ನೋಡುತ್ತಾರೆ. ಅದಕ್ಕೆ ಗೋನಿಯೋಸ್ಕೋಪಿ ಎನ್ನುತ್ತಾರೆ. ಮೂಲೆ ತೆರೆದಿದೆಯೋ ಮುಚ್ಚಿದೆಯೋ ಎಂಬುದಕ್ಕೆ ಮುಖ್ಯ ಪರೀಕ್ಷೆ ಅದೇ. ಆಮೇಲೆ ಔಷಧಿಯಿಂದ ಒತ್ತಡ ಇಳಿಸಿ, ಲೇಸರಿನಿಂದ ಪರದೆಗೆ ಸಣ್ಣ ತೂತು ಮಾಡುತ್ತಾರೆ. ಇನ್ನೊಂದು ಕಣ್ಣಿಗೂ ಮುಂಜಾಗ್ರತೆಯಾಗಿ ಮಾಡುವುದುಂಟು.

ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಗಣಿಯ ಆಸ್ಪತ್ರೆ ನಂಬಿದ್ದ ಕಾಲ ಮುಗಿಯಿತು. ಆದರೆ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಸರ್ಕಾರಿ ಆಸ್ಪತ್ರೆಗಳಿವೆ, ಕೋಲಾರದಲ್ಲಿ ಎಸ್.ಎನ್.ಆರ್. ಆಸ್ಪತ್ರೆ, ಟಮಕದ ಮೆಡಿಕಲ್ ಕಾಲೇಜು, ಬೆಂಗಳೂರಿನಲ್ಲಿ ಮಿಂಟೋ ಇವೆ. ಮೆಡಿಕಲ್ ಸ್ಟೋರಿನ ಹನಿಗೆ ಕಾಯದೆ ಅದೇ ರಾತ್ರಿ ಹೊರಡಿ.

ಸಂಘದ ಮುಂದೆ ನಮ್ಮ ಮನವಿ ಎರಡು. ಕಣ್ಣಿನ ಶಿಬಿರ ನಡೆಸುವಾಗ ಪೊರೆಯೊಂದನ್ನೇ ನೋಡದೆ ಒತ್ತಡವನ್ನೂ ಮೂಲೆಯನ್ನೂ ನೋಡುವಂತೆ ಡಾಕ್ಟರನ್ನು ಕೇಳಿಕೊಳ್ಳೋಣ. ರಾತ್ರಿ ಹೊತ್ತು ಇಂಥವರನ್ನು ಕರೆದೊಯ್ಯಲು ಒಂದು ವಾಹನ ಗೊತ್ತುಮಾಡಿ, ಅದರ ನಂಬರನ್ನು ಡೈರಿ ಗೋಡೆ ಮೇಲೆ ಬರೆಸೋಣ.