ಹೆಸರು ಕೇಳುವವರು

ಮೆಣಸು ಕೊಯ್ಯುವ ಕಾಲದಲ್ಲಿ ನಮ್ಮ ಮಗ್ಗೆಯ ಸುತ್ತಿನ ತೋಟಗಳಲ್ಲಿ ಯಾರಾದರೂ ಏಣಿಯಿಂದ ಬಿದ್ದರೆ ಅದು ಹೊಸ ಸುದ್ದಿಯಲ್ಲ. ಆದರೆ ಬಿದ್ದವರು ಎಪ್ಪತ್ತು ಸಮೀಪಿಸಿದ ನಿವೃತ್ತ ಮೇಷ್ಟರಾದರೆ ಸುದ್ದಿಯೇ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿಯಿಂದ ಜಾರಿ ನಾನು ಎಡತೊಡೆಯ ಮೂಳೆ ಮುರಿದುಕೊಂಡೆ. ಹಾಸನದ ಆಸ್ಪತ್ರೆಯೊಂದರಲ್ಲಿ 19 ದಿನ ಮಲಗಿದ್ದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಅಷ್ಟು ದಿನಗಳಲ್ಲಿ ನಾನು ಕಂಡ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಗಂಟೆಯಾದೀತು. ಉಳಿದ ಹೊತ್ತು ನನ್ನನ್ನು ನೋಡಿಕೊಂಡವರು ಬೇರೆಯವರು. ಈ ಮಾತು ಅವರನ್ನು ಕುರಿತದ್ದು.

ಮೊದಲ ಕೆಲವು ದಿನ ನನಗೆ ಎಲ್ಲರೂ ‘ಸಿಸ್ಟರ್’ ಆಗಿದ್ದರು. ರಕ್ತ ತೆಗೆಯಲು ಬಂದ ಪ್ರಯೋಗಾಲಯದ ಹುಡುಗಿಯೂ ಸಿಸ್ಟರ್, ಕಾಲಿಗೆ ವ್ಯಾಯಾಮ ಮಾಡಿಸಲು ಬಂದವಳೂ ಸಿಸ್ಟರ್. ಮಾತ್ರೆಯ ಗುಣವನ್ನು ಆಯಾಳ ಬಳಿ ವಿಚಾರಿಸಿದೆ. ಬೆಡ್‌ಪ್ಯಾನನ್ನು ವ್ಯಾಯಾಮದವಳ ಬಳಿ ಕೇಳಿದೆ. ಕ್ರೈಸ್ತ ಸಂನ್ಯಾಸಿನಿಯರು ಶುಶ್ರೂಷೆಗೆ ನಿಂತಿದ್ದ ಕಾಲದಿಂದ ಬಂದ ಸಂಬೋಧನೆ ಇದು. ‘ದಾದಿ’ ಎಂಬ ನಮ್ಮ ಮಾತು ಪುಸ್ತಕಗಳಲ್ಲಿ ಉಳಿದಿದೆಯೇ ಹೊರತು ವಾರ್ಡಿನಲ್ಲಿ ಯಾರ ಬಾಯಿಗೂ ಬರುವುದಿಲ್ಲ.

ಒಬ್ಬಾಕೆ ಮಂಚದ ಬಳಿ ನಿಂತು, ನನ್ನ ಪ್ರಶ್ನೆಗೆ ಉತ್ತರ ಕೊಡದೆ, ಕೈಗಡಿಯಾರವನ್ನೇ ನೋಡುತ್ತಿದ್ದರು. ಮನೆಗೆ ಹೋಗುವ ಅವಸರವಿರಬೇಕೆಂದು ಬಗೆದು, ಅವರಿಗೆ ಕೇಳಿಸುವಂತೆಯೇ ನನ್ನ ಮನೆಯಾಕೆಯೊಡನೆ ಒಂದು ಕೊಂಕು ಮಾತು ಆಡಿದೆ. ಅವರು ಎಣಿಸುತ್ತಿದ್ದುದು ಹನಿಗಳನ್ನು. 500 ಮಿಲಿಲೀಟರ್ ದ್ರವ 4 ಗಂಟೆಯಲ್ಲಿ ದೇಹಕ್ಕೆ ಇಳಿಯಬೇಕಾದರೆ, ಮಿಲಿಲೀಟರಿಗೆ 20 ಹನಿ ಬೀಳುವ ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎಣಿಕೆ ಮುಗಿಸಿ, ಕೋಪವಿಲ್ಲದೆ, ಈ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವರು ಅವರೇ. ಎಣಿಸುವಾಗ ಮಾತಾಡಬಾರದೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿಕೊಂಡು ಬಂದವನು ನಾನು!

ಇದಕ್ಕಿಂತ ನನ್ನನ್ನು ಕೆರಳಿಸಿದ್ದು ಹೆಸರು ಕೇಳುವ ಪದ್ಧತಿ. ಚುಚ್ಚುಮದ್ದು ತಂದರೆ, “ನಿಮ್ಮ ಹೆಸರೇನು ಮೇಷ್ಟ್ರೇ?” ಮಾತ್ರೆ ತಂದರೆ ಮತ್ತೆ ಅದೇ. ಮೇಷ್ಟರೆಂದು ಗೊತ್ತು, ಹೆಸರು ಗೊತ್ತಿಲ್ಲವೆ? “ಬೆಳಿಗ್ಗೆ ತಾನೆ ಹೇಳಿದೆನಲ್ಲಮ್ಮ” ಎಂದು ರೇಗಿದೆ. ಎಂಟನೆಯ ದಿನ ಸಂಜೆ ಹೊಸ ವಿದ್ಯಾರ್ಥಿನಿಯೊಬ್ಬಳು ಸಿರಿಂಜು ಹಿಡಿದು ಬಂದಳು. ನನ್ನ ರೇಗಾಟದ ಸುದ್ದಿ ಅವಳನ್ನೂ ಮುಟ್ಟಿದ್ದಿರಬೇಕು. ಹೆಸರೇನೆಂದು ಕೇಳಲು ಅಂಜಿ, ತಾನೇ ನನ್ನ ಹೆಸರು ಹೇಳಿ, “ಅಲ್ವಾ ತಾತಾ?” ಎಂದಳು. ನಾನು ಪತ್ರಿಕೆಯಿಂದ ಮುಖವೆತ್ತದೆ “ಹೂಂ” ಎಂದೆ. ಆಚೆ ಮಂಚದಲ್ಲಿದ್ದ ಹಿರಿಯ ನರ್ಸ್ ಅಲ್ಲಿಂದಲೇ “ನಿಲ್ಲು!” ಎಂದು ಕೂಗಿದರು. ಬಂದು ತಂದೆಯ ಹೆಸರು ಕೇಳಿದರು, ಊರು ಕೇಳಿದರು, ಚೀಟಿಯ ನಂಬರು ನೋಡಿದರು. ಅದು ಪಕ್ಕದ ಕೋಣೆಯ ಸಕ್ಕರೆ ಕಾಯಿಲೆಯವರಿಗೆ ಕೊಡಬೇಕಾಗಿದ್ದ ಇನ್ಸುಲಿನ್. ಅವರದೂ ನನ್ನದೇ ಹೆಸರು. ನಮ್ಮ ಸೀಮೆಯ ಸಂತೆಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುವರು. ಸಕ್ಕರೆ ಕಾಯಿಲೆಯಿಲ್ಲದವನ ದೇಹಕ್ಕೆ ಆ ಮದ್ದು ಸೇರಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಎರವಾಗಬಹುದು. ‘ನೀವು ಇಂಥವರೇ?’ ಎಂದು ಕೇಳಿದರೆ ನಿದ್ದೆಗಣ್ಣಿನವನೂ ಕಿವಿ ಮಂದವಾದವನೂ ಸಿಡುಕನೂ ಹೂಂಗುಟ್ಟಿಬಿಡುತ್ತಾರೆ. ಆದ್ದರಿಂದಲೇ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕೆಂಬ ಕಟ್ಟುನಿಟ್ಟು. ಹುಡುಗಿ ಗೋಡೆಯ ಕಡೆ ತಿರುಗಿ ಅತ್ತಳು. ಬೈಗುಳ ತಿಂದವಳು ಅವಳು. ಅದರಲ್ಲಿ ಅರ್ಧ ನನಗೆ ಸಲ್ಲಬೇಕಿತ್ತು. ಅದನ್ನು ಹಿರಿಯಾಕೆಗೆ ಹೇಳಿದೆ. “ನೀವು ರೇಗಿದರೂ ಅವಳು ಕೇಳಬೇಕಿತ್ತು ಮೇಷ್ಟ್ರೇ” ಎಂದರು, ಅಷ್ಟೆ.

ನನ್ನ ಎದುರು ಮಂಚದಲ್ಲಿ ಲಕ್ವ ಹೊಡೆದ ವೃದ್ಧರೊಬ್ಬರಿದ್ದರು. ಎರಡೆರಡು ಗಂಟೆಗೆ ಒಬ್ಬ ನರ್ಸ್, ಒಬ್ಬ ಆಯಾ ಬಂದು ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ರಾತ್ರಿ ಎರಡಕ್ಕೂ ಬಂದರು, ನಾಲ್ಕಕ್ಕೂ ಬಂದರು. ಮೈಯ ಭಾರ ಒಂದೇ ಕಡೆ ಬಿದ್ದರೆ ಮೂಳೆಯ ಮೇಲಣ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ನಿದ್ದೆ ಬಾರದೆ ಇದನ್ನು ನೋಡುತ್ತಿದ್ದಾಗ ನನಗೆ ಅರುಣಾ ಶಾನಭಾಗರ ನೆನಪಾಗುತ್ತಿತ್ತು. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಅಮಾನುಷ ಹಲ್ಲೆಗೆ ಸಿಕ್ಕಿ ಮೆದುಳಿಗೆ ಆಘಾತವಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮೀರಿ, ಅಲ್ಲಿನ ನರ್ಸುಗಳೇ ಅವರನ್ನು ನೋಡಿಕೊಂಡರು. ಅವರನ್ನು ಕುರಿತು ಪುಸ್ತಕ ಬರೆದಿದ್ದ ಪಿಂಕಿ ವಿರಾನಿಯವರು ಆ ಜೀವಕ್ಕೆ ಬಿಡುಗಡೆ ಕೋರಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯವು ಅರುಣಾರ ಪರವಾಗಿ ಮಾತಾಡುವ ಅಧಿಕಾರ ಆ ಆಸ್ಪತ್ರೆಯ ಸಿಬ್ಬಂದಿಯದೆಂದು ಹೇಳಿತು. ಸಿಬ್ಬಂದಿ ಆಕೆ ಬದುಕಿರಲೆಂದರು. ಅಂಥ ಬದುಕನ್ನು ಹಿಡಿದಿಡಬೇಕಿತ್ತೆ ಎಂಬುದರಲ್ಲಿ ಭಿನ್ನಾಭಿಪ್ರಾಯ ಸಹಜ. ನನ್ನ ಮನಸ್ಸೂ ಎರಡು ಕಡೆಗೆ ಎಳೆಯುತ್ತದೆ. ಆದರೆ ಅಷ್ಟು ವರ್ಷ ಮಲಗಿದ್ದ ಆ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲವೆಂಬುದನ್ನು ತೀರ್ಪೇ ಗುರುತಿಸಿದೆ. ಹಲ್ಲೆಯಾದ ವರ್ಷ ಇನ್ನೂ ಹುಟ್ಟಿಯೇ ಇರದಿದ್ದ ಹುಡುಗಿಯರು ಸಹ ಬಂದು ಆ ಪಾಳಿಯನ್ನು ವಹಿಸಿಕೊಂಡಿದ್ದರು.

ಪಾಳಿಯ ವಿಷಯ ಬಂದುದರಿಂದ ಒಂದು ಮಾತು. ನಮ್ಮ ವಾರ್ಡಿನಲ್ಲಿ ಹಗಲಿಗೆ ಎರಡು ಪಾಳಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಒಂದೇ. ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಮಂಚ ಮಂಚದ ಬಳಿಯೂ ನಿಂತು ವಿಷಯ ಒಪ್ಪಿಸುತ್ತಾರೆ. ಆ ಹದಿನೈದು ನಿಮಿಷ ದಿಂಬು ಸರಿಪಡಿಸಿರೆಂದು ಕೂಗದಿದ್ದರೆ ಉಪಕಾರ.

ಆಯಾಳ ಮುಖವನ್ನು ಮಾತ್ರ ನಾನು ಬಹಳ ದಿನ ನೇರವಾಗಿ ನೋಡಲಿಲ್ಲ. ನನ್ನ ಮಲಮೂತ್ರ ಎತ್ತುವ ಹೆಂಗಸಿನ ಎದುರು ಕಣ್ಣೆತ್ತುವುದು ಹೇಗೆ? ಆಕೆಯ ಕೆಲಸ ಗುತ್ತಿಗೆಯದು. ಸಂಬಳ ಕೈಸೇರುವುದು ಯಾವ ತಾರೀಖೆಂದು ಆಕೆಗೂ ಗೊತ್ತಿರಲಿಲ್ಲ. ಒಂದು ದಿನ ಆಕೆಯೇ, “ಯಾಕ್ ಮೇಷ್ಟ್ರೇ ಆ ಕಡೆ ತಿರುಗ್ತೀರಾ? ನಮ್ಮಪ್ಪಂಗೂ ನಾನೇ ಮಾಡಿದ್ದು” ಎಂದಳು. ಬಿಡುಗಡೆಯ ದಿನ ಹೊಸ ಮೆಣಸಿನ ಒಂದು ಪೊಟ್ಟಣ ಕೊಟ್ಟೆ. ಬಾಗಿಲ ಕಡೆ ನೋಡಿ ಸೆರಗಿನಲ್ಲಿ ಕಟ್ಟಿಕೊಂಡಳು.

ಎರಡು ತಿಂಗಳಾದ ಮೇಲೆ ಎಕ್ಸ್‌ರೇಗೆಂದು ಹೋದಾಗ ವಾರ್ಡಿನತ್ತ ಹೆಜ್ಜೆ ಹಾಕಿದೆ. ವಿದ್ಯಾರ್ಥಿನಿ ಬೇರೆ ವಾರ್ಡಿಗೆ ಹೋಗಿದ್ದಳು. ಆಯಾ ಬಕೆಟ್ಟು ಕೆಳಗಿಟ್ಟು ನನ್ನ ಊರುಗೋಲನ್ನೂ ಕಾಲನ್ನೂ ನೋಡಿದಳು. “ಎಡಗಾಲಿನ ಮೇಷ್ಟ್ರಲ್ವಾ!” ಎಂದಳು. ಹೆಸರು ಆಕೆಗೆ ನೆನಪಿರಲಿಲ್ಲ. ಆಕೆಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ, ಅಂದು ಕೇಳಿದೆ.