ಹಳೆಯ ಗಣಕಯಂತ್ರಕ್ಕೆ ಹಗುರವಾದ ಹೊರೆ

(ಯಶವಂತನಗರದಲ್ಲಿ ಮಾಡಿದ ಭಾಷಣದ ಪಠ್ಯ)



ಸಂಡೂರಿನ ಬೆಟ್ಟಗಳ ಅದಿರು ಲಾರಿಗಳಲ್ಲಿ, ರೈಲುಗಳಲ್ಲಿ ಹೊರಟುಹೋಗುವುದನ್ನು ಕಂಡವರು ನಾವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದುದನ್ನೂ ಕಂಡಿದ್ದೇವೆ. ಬೆಟ್ಟವನ್ನು ಅಗೆಯುವುದನ್ನು ಪ್ರಶ್ನಿಸುವ ನಾವು, ಅಗೆದು ತಯಾರಿಸಿದ ವಸ್ತುವನ್ನು ಎಷ್ಟು ಕಾಲ ಬಳಸುತ್ತೇವೆಂದು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು.

ಗಣಕಯಂತ್ರದ ಕಬ್ಬಿಣ, ತಾಮ್ರ, ಚಿನ್ನ ಯಾವುದೋ ನೆಲವನ್ನು ಬಗೆದು ತಂದವು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಸಂಸ್ಕರಣೆಯಾದದ್ದು ಕೇವಲ ಶೇ. 22.3.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ರ ನಿಬಂಧನೆಗಳಿಗೆ ಹೊಂದದ ಯಂತ್ರಗಳು ಕೆಡದಿದ್ದರೂ ಮೂಲೆ ಸೇರುವ ಸ್ಥಿತಿ ಒದಗಿದೆ. ಮಳೆ ಕಡಿಮೆಯಿರುವ ಹೊಲಕ್ಕೆ ಭತ್ತವಲ್ಲ, ನವಣೆ ತಕ್ಕ ಬೆಳೆ. ಅಂತೆಯೇ ಹಳೆಯ ಯಂತ್ರಕ್ಕೆ ಅದರ ಶಕ್ತಿಗೆ ತಕ್ಕ ತಂತ್ರಾಂಶ ಬೇಕು.

ಲಿನಕ್ಸ್‌ನಲ್ಲಿ ಯಂತ್ರವನ್ನು ನಡೆಸುವ ತಿರುಳು ಬೇರೆ, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಬೇರೆ. ಆದ್ದರಿಂದ ಡೆಸ್ಕ್‌ಟಾಪನ್ನು ನಾವೇ ಆರಿಸಿಕೊಳ್ಳಬಹುದು. 1996ರಲ್ಲಿ ಒಲಿವಿಯೆ ಫೂರ್ಡಾನ್ ಆರಂಭಿಸಿದ ಎಕ್ಸ್‌ಎಫ್‌ಸಿಇ ಅಂಥ ಹಗುರ ಡೆಸ್ಕ್‌ಟಾಪ್. ಕೆಳಗೋ ಮೇಲೋ ಒಂದು ಪಟ್ಟಿ, ಒಂದು ಮೆನು, ಕಡತಗಳನ್ನು ತೋರಿಸುವ ‘ಥೂನಾರ್’. ಹೊಸಬರೂ ಬೇಗ ಕಲಿಯುತ್ತಾರೆ. ಕಿಟಕಿಗಳ ನೆರಳು, ಪಾರದರ್ಶಕತೆ ಮೊದಲಾದ ಅಲಂಕಾರಗಳನ್ನು ನಿಲ್ಲಿಸಿಬಿಡಬಹುದು. ಹೀಗೆ ಉಳಿದ ಮೆಮೊರಿಯು ನಮ್ಮ ಕೆಲಸಕ್ಕೆ ದೊರೆಯುತ್ತದೆ. ನಾಲ್ಕು ಜಿಬಿ ಮೆಮೊರಿಯ ಯಂತ್ರದಲ್ಲಿ ಲಿಬ್ರೆಆಫೀಸ್‌ನ ಪತ್ರ, ಲೆಕ್ಕದ ಹಾಳೆಗಳ ಕೆಲಸ ಸುಗಮವಾಗಿ ಸಾಗುತ್ತದೆ. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸವೂ ಇದೆ.

ಮಿತಿಗಳನ್ನೂ ಅರಿತಿರಬೇಕು. ಡೆಸ್ಕ್‌ಟಾಪ್ ಹಗುರವಾದರೂ ಇಂದಿನ ಜಾಲತಾಣಗಳು ಭಾರವೇ. ಬ್ರೌಸರಿನಲ್ಲಿ ಒಮ್ಮೆಲೇ ಹತ್ತಾರು ಪುಟಗಳನ್ನು ತೆರೆದಿಟ್ಟರೆ ಯಂತ್ರ ನಿಧಾನವಾಗುವುದು ಸಹಜ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಮುದ್ರಣಯಂತ್ರ ಹೊಂದುವುದೇ ಎಂದು ಮೊದಲೇ ಪರೀಕ್ಷಿಸಬೇಕು.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಯಂತ್ರವೊಂದನ್ನು ಗುಜರಿಗೆ ಹಾಕುವ ಮುನ್ನ ಕಡತಗಳ ಪ್ರತಿಯನ್ನು ತೆಗೆದಿಡಿ. ಎಕ್ಸ್‌ಎಫ್‌ಸಿಇ ಇರುವ ಲಿನಕ್ಸನ್ನು ಪೆನ್‌ಡ್ರೈವಿಗೆ ತುಂಬಿ, ಅದರಿಂದಲೇ ಯಂತ್ರವನ್ನು ಚಾಲನೆ ಮಾಡಿ ನೋಡಿ. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಅಳಿಸಬೇಕಾಗಿಲ್ಲ. ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸಿ. ನಿಜವಾಗಿಯೂ ಕೆಟ್ಟ ಯಂತ್ರವನ್ನು ತಿಪ್ಪೆಯಲ್ಲಿ ಸುಡದೆ, ಅಧಿಕೃತ ಮರುಸಂಸ್ಕರಣೆದಾರರಿಗೆ ತಲುಪಿಸಿ.

ಒಂದು ಯಂತ್ರ ಇನ್ನೂ ಐದು ವರ್ಷ ದುಡಿದರೆ, ಅಷ್ಟು ಕಾಲ ಇನ್ನೊಂದನ್ನು ಕೊಳ್ಳುವ ಅಗತ್ಯವಿಲ್ಲ. ಬೆಟ್ಟವನ್ನು ಉಳಿಸುವ ಕೆಲಸ ಶಾಲೆಯ ಮೇಜಿನ ಮೇಲೂ ನಡೆಯಬಲ್ಲುದು.