ಪಥ್ಯವೋ, ವಾಕಿಂಗೋ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೆಯ ಚಿತ್ರಗೀತೆಗಳ ಕೋರಿಕೆ. ಉಳಿದ ಕಾಲು ಪಾಲಿನಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತೂಕ ಇಳಿಸಬೇಕು, ಊಟ ಕಡಿಮೆ ಮಾಡಲೋ, ವ್ಯಾಯಾಮ ಮಾಡಲೋ? ಎರಡಕ್ಕೂ ಪುರುಸೊತ್ತಿಲ್ಲ, ಯಾವುದಾದರೂ ಒಂದನ್ನು ಹೇಳಿ ಅಂತ. ಬೆಳಿಗ್ಗೆ ಆರೂ ಇಪ್ಪತ್ತರ ಲೋಕಲ್ ಹಿಡಿದು ರಾತ್ರಿ ಎಂಟರ ಮೇಲೆ ಮನೆ ಸೇರುವವರು ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಅದರಲ್ಲಿ ಡೊಂಬಿವಿಲಿಯ ಒಬ್ಬ ಅಕ್ಕನ ಪತ್ರ ನನ್ನ ಮೇಜಿನ ಮೇಲೆ ಹಲವು ದಿನ ಹಾಗೇ ಉಳಿದಿತ್ತು. ಐದು ತಿಂಗಳಿಂದ ದಿನವೂ ಅರ್ಧ ಗಂಟೆ ನಡೆಯುತ್ತಿದ್ದಾರಂತೆ. ತೂಕದ ಮುಳ್ಳು ಒಂದು ಕಿಲೋ ಕೂಡ ಹಿಂದೆ ಸರಿದಿಲ್ಲ. ಸಕ್ಕರೆ ಗಡಿಯಲ್ಲಿ ಬಂದು ನಿಂತಿದೆ, ಹುಷಾರಾಗಿರಿ ಎಂದು ಡಾಕ್ಟರು ಹೇಳಿದ್ದಾರೆ. 'ಪ್ರಯೋಜನವಿಲ್ಲ ಅಂದಮೇಲೆ ಆ ಅರ್ಧ ಗಂಟೆ ನಿದ್ದೆಯಾದರೂ ಮಾಡಬಹುದಲ್ಲ, ನಾಳೆಯಿಂದ ನಿಲ್ಲಿಸಿಬಿಡೋಣ ಅಂತಿದ್ದೇನೆ' ಎಂದು ಬರೆದಿದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಆ ನಾಳೆಯ ಬಗ್ಗೆ.

ನಾನು ಡಾಕ್ಟರಲ್ಲ, ಓದಿದ್ದು ಕನ್ನಡ ಬಿ.ಎ. ಆದರೆ ಈ ವಿಷಯ ಅರ್ಥವಾಗುವುದಕ್ಕೆ ವೈದ್ಯಶಾಸ್ತ್ರಕ್ಕಿಂತ ಮೊದಲು ಬೇಕಾದದ್ದು ಕಿರಾಣಿ ಅಂಗಡಿಯ ಲೆಕ್ಕ.

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಅರವತ್ತು ಎಪ್ಪತ್ತು ಕಿಲೋ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಹೆಚ್ಚೆಂದರೆ 120ರಿಂದ 150 ಕ್ಯಾಲೊರಿ. ಅಂದರೆ ಬರೀ ನಡಿಗೆಯಿಂದ ಒಂದು ಕಿಲೋ ಇಳಿಸಲು ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಅದೂ ಆ ಎರಡು ತಿಂಗಳಲ್ಲಿ ಒಂದು ತುತ್ತೂ ಹೆಚ್ಚಿಗೆ ತಿನ್ನದೆ ಇದ್ದರೆ. ಇನ್ನೊಂದು ಕಡೆ, ಸ್ಟೇಷನ್ ಹೊರಗಿನ ಒಂದು ವಡಾ ಪಾವ್‌ನಲ್ಲಿ ಸುಮಾರು 300 ಕ್ಯಾಲೊರಿ ಇರುತ್ತದೆ. ನಡೆಯಲು ಒಂದು ಗಂಟೆ, ತಿನ್ನಲು ಮೂರು ನಿಮಿಷ. ದಿನ ಬಿಟ್ಟು ದಿನ ಒಂದೊಂದು ವಡಾ ಪಾವ್ ತಿಂದರೂ ಸಾಕು, ಆ ಅಕ್ಕನ ಐದು ತಿಂಗಳ ನಡಿಗೆಯ ಲೆಕ್ಕ ಸೊನ್ನೆಗೆ ಸೊನ್ನೆ.

ನಡೆದು ಬಂದವರಿಗೆ ಹಸಿವೂ ಹೆಚ್ಚುತ್ತದೆ. ಇದು ನಾಲಿಗೆಯ ಚಪಲವಲ್ಲ, ದೇಹದ ಸ್ವಭಾವ. ಇದನ್ನು ನಮ್ಮ ದೇಶದಲ್ಲೇ ಬಹಳ ಹಿಂದೆ ನೋಡಿ ಬರೆದಿಟ್ಟಿದ್ದಾರೆ. ಹೂಗ್ಲಿ ನದಿಯ ಬದಿಯ ಒಂದು ಸೆಣಬಿನ ಗಿರಣಿಯಲ್ಲಿ ಜೀನ್ ಮೇಯರ್ ಎಂಬ ಪೋಷಣ ವಿಜ್ಞಾನಿ ಮತ್ತು ಅವರ ಸಂಗಡಿಗರು ಕೆಲಸಗಾರರ ಊಟ, ತೂಕ, ದುಡಿಮೆ ಮೂರನ್ನೂ ಅಳೆದು 1956ರಲ್ಲಿ ಪ್ರಕಟಿಸಿದರು. ಮೂಟೆ ಹೊರುವವರು ಹೆಚ್ಚು ದುಡಿಯುತ್ತಿದ್ದರು, ದುಡಿದಷ್ಟೂ ಹೆಚ್ಚು ಉಣ್ಣುತ್ತಿದ್ದರು, ತೂಕ ಇದ್ದಲ್ಲೇ ಇತ್ತು. ಹಗುರ ಕೆಲಸದವರು ಕಡಿಮೆ ಉಣ್ಣುತ್ತಿದ್ದರು, ಅವರ ತೂಕವೂ ಇದ್ದಲ್ಲೇ. ತಮಾಷೆ ಇರುವುದು ಮೂರನೆಯ ಗುಂಪಿನಲ್ಲಿ. ಅಂಗಡಿ ಇಟ್ಟುಕೊಂಡು, ಗಲ್ಲಾ ಪೆಟ್ಟಿಗೆ ಮುಂದೆ ದಿನವಿಡೀ ಕೂತವರು ಮೂಟೆ ಹೊರುವವರಷ್ಟೇ ಉಣ್ಣುತ್ತಿದ್ದರು, ತೂಕದಲ್ಲಿ ಎಲ್ಲರಿಗಿಂತ ಮುಂದಿದ್ದರು. ಪೂರಾ ಕೂತೇ ಇರುವವರಿಗೆ 'ಸಾಕು' ಎನ್ನುವ ಸೂಚನೆ ಒಳಗಿನಿಂದ ಸರಿಯಾಗಿ ಬರುವುದಿಲ್ಲ. ಸ್ಟುಡಿಯೋ ಕುರ್ಚಿಯಲ್ಲಿ ಕೂತು ಮಾತಾಡುವ ಕಸುಬಿನವರು ಈ ಮೂರನೆಯ ಗುಂಪಿನವರೇ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ತೂಕದ ಮುಳ್ಳನ್ನು ಅಲ್ಲಾಡಿಸುವುದು ತಟ್ಟೆಯೇ. ಇದರಲ್ಲಿ ಸುತ್ತಿ ಬಳಸಿ ಹೇಳುವಂಥದ್ದು ಏನೂ ಇಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. (ಗಾದೆಯ ಉಳಿದರ್ಧ ಮಾತಿನ ಬಗ್ಗೆ ಇದೆ, ಅದು ನಮ್ಮಂಥವರಿಗೆ.)

ತಟ್ಟೆ ಎಂದ ಕೂಡಲೇ ಅನ್ನ ಬಿಡಬೇಕೇ, ಚಪಾತಿಯೇ ಗತಿಯೇ ಎಂದು ಗಾಬರಿಯಾಗಬೇಡಿ. ಅನ್ನ ಬಿಟ್ಟು ರಾಗಿಮುದ್ದೆ ಹಿಡಿದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ತೂಕಕ್ಕೆ ತೂಕ ನೋಡಿದರೆ ರಾಗಿ ಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥಾ ದೊಡ್ಡ ಅಂತರವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ. ಅದು ರಾಗಿಯ ಗುಣ. ಆದರೆ ಎರಡು ದೊಡ್ಡ ಮುದ್ದೆ ಉಂಡರೆ ಉಂಡಷ್ಟೂ ಲೆಕ್ಕಕ್ಕೆ ಸೇರುತ್ತದೆ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಅನ್ನದ ಪಾತ್ರೆಯನ್ನಲ್ಲ, ಎಣ್ಣೆಯ ಡಬ್ಬಿಯನ್ನು. ಹಿಟ್ಟು, ಸಕ್ಕರೆ, ಬೇಳೆ ಇವುಗಳಲ್ಲಿರುವ ಪಿಷ್ಟವಾಗಲಿ ಪ್ರೋಟೀನಾಗಲಿ ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ, ಎಣ್ಣೆ 9 ಕೊಡುತ್ತದೆ. ಮಂಗಳೂರಿನ ಕಡೆಯವರ ತೆಂಗಿನೆಣ್ಣೆಯಾಗಲಿ, ಧಾರವಾಡದ ಕಡೆಯವರ ಶೇಂಗಾ ಎಣ್ಣೆಯಾಗಲಿ, ಈ ಲೆಕ್ಕದಲ್ಲಿ ಎಲ್ಲವೂ ಒಂದೇ. ಒಂದು ಲೀಟರ್ ಎಣ್ಣೆಯಲ್ಲಿ 8,000ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಒಂದು ಕೆಲಸ ಮಾಡಿ. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ಮೂರು ಜನರ ಮನೆಯಲ್ಲಿ ತಿಂಗಳಿಗೆ ಮೂರು ಲೀಟರ್ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 270 ಕ್ಯಾಲೊರಿ ಬರೀ ಎಣ್ಣೆಯಿಂದಲೇ ಬಂತು. ಅದೇ ಮೂರು ಲೀಟರನ್ನು ಒಂದೂವರೆ ತಿಂಗಳಿಗೆ ಎಳೆದರೆ ದಿನಕ್ಕೆ ತಲೆಗೆ 90 ಕ್ಯಾಲೊರಿ ಉಳಿಯಿತು. ಯಾರೂ ಉಪವಾಸ ಬೀಳಲಿಲ್ಲ, ಒಗ್ಗರಣೆ ಚಟಪಟ ಅನ್ನುವುದೂ ನಿಲ್ಲಲಿಲ್ಲ.

ಎರಡನೆಯದು ಚಹಾ. ಆಫೀಸಿನಲ್ಲಿ ಎರಡು, ಮನೆಯಲ್ಲಿ ಎರಡು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ದಿನಕ್ಕೆ ಎಂಟು ಚಮಚ, ಅಂದರೆ 40 ಗ್ರಾಂ, ಅಂದರೆ 160 ಕ್ಯಾಲೊರಿ. ಅರ್ಧ ಗಂಟೆಯ ನಡಿಗೆ ಅಲ್ಲಿಗೆ ಕರಗಿಹೋಯಿತು. ಮೇಲಿನಿಂದ ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಕಟಿಂಗ್ ಚಾ ಬಿಡಿ ಎಂದು ಮುಂಬಯಿಯವರಿಗೆ ಹೇಳುವ ಧೈರ್ಯ ನನಗಿಲ್ಲ. ಸಕ್ಕರೆಯನ್ನು ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತಾ ಬಂದರೆ ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ.

ಈಚಿನ ಸೂಜಿಮದ್ದುಗಳ ಸುದ್ದಿ ನೀವೂ ಕೇಳಿರುತ್ತೀರಿ. 2025ರಲ್ಲಿ ನಮ್ಮ ದೇಶದ ಪೇಟೆಗೂ ಬಂದವು. ಅವು ಯಾರನ್ನೂ ಓಡಿಸುವುದಿಲ್ಲ, ಹಸಿವನ್ನು ತಗ್ಗಿಸುತ್ತವೆ. ಅವುಗಳ ಕೆಲಸವೂ ತಟ್ಟೆಯ ಮೇಲೆಯೇ. ಬೇಕೋ ಬೇಡವೋ ಎಂಬುದು ಡಾಕ್ಟರಿಗೆ ಬಿಟ್ಟದ್ದು, ಅದನ್ನು ರೇಡಿಯೋದಲ್ಲಿ ಹೇಳಲಾಗದು.

ಇಷ್ಟು ಕೇಳಿದ ಮೇಲೆ ಡೊಂಬಿವಿಲಿಯ ಅಕ್ಕ ಬೂಟು ಕಳಚಿ ಮೂಲೆಗೆ ಇಟ್ಟುಬಿಟ್ಟಾರು. ಅಕ್ಕಾ, ಸ್ವಲ್ಪ ತಡೆಯಿರಿ.

ನಿಮ್ಮಂಥವರದೇ ಒಂದು ಕತೆ ಚೆನ್ನೈನಲ್ಲಿ ನಡೆದಿದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಗಡಿಯಲ್ಲಿದೆ ಎನ್ನುವಂಥ 531 ಜನರನ್ನು ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಿಕೊಡಲಿಲ್ಲ. ಅವರಲ್ಲಿ ನೂರಕ್ಕೆ 55 ಜನರಿಗೆ ಮೂರು ವರ್ಷದೊಳಗೆ ಸಕ್ಕರೆ ಕಾಯಿಲೆ ಬಂತು. ಇನ್ನೊಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಸಕ್ಕರೆ, ಮೈದಾ, ಜಿಡ್ಡು ಕಡಿಮೆ ಮಾಡಿ, ನಾರಿನ ಪದಾರ್ಥ ಹೆಚ್ಚಿಸಿ ಎಂದು ಹೇಳಿ, ಆಗಾಗ ವಿಚಾರಿಸುತ್ತಿದ್ದರು. ಅವರಲ್ಲಿ ಕಾಯಿಲೆ ಬಂದದ್ದು ನೂರಕ್ಕೆ 39 ಜನರಿಗೆ. ಈಗ ಮುಖ್ಯವಾದ ಮಾತು ಕೇಳಿ. ಆ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಮುಳ್ಳು ಅಲ್ಲಾಡದೆಯೂ ಇಷ್ಟೊಂದು ಜನ ಕಾಯಿಲೆಯಿಂದ ತಪ್ಪಿಸಿಕೊಂಡರು. ಐದು ತಿಂಗಳು ನಡೆದದ್ದು ದಂಡ ಎಂದು ನಿಮಗೆ ಹೇಳಿದ್ದು ತೂಕದ ಯಂತ್ರ. ಆ ಯಂತ್ರಕ್ಕೆ ನಿಮ್ಮ ರಕ್ತದ ಸುದ್ದಿ ಗೊತ್ತಿಲ್ಲ.

ಇದರ ಹಿಂದಿನ ಕಾರಣ ಸರಳ. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿ ನಮ್ಮ ಸ್ನಾಯುಗಳು. ಕಾಲು ಆಡಿದರೆ ಅವು ಸಕ್ಕರೆ ಎಳೆದುಕೊಳ್ಳುತ್ತವೆ. ಕೂತೇ ಇದ್ದರೆ ಆ ಗಿರಾಕಿ ಅಂಗಡಿ ಕಡೆ ತಲೆ ಹಾಕುವುದಿಲ್ಲ.

ಹೃದಯದ ಮಾತೂ ಇದೇ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಡ್ರೈವರ್ ಕೂತಿರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ. ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ತೋರಿಸಿಕೊಟ್ಟರು. ಕಂಡಕ್ಟರುಗಳು ತೆಳ್ಳಗಿದ್ದರು, ಅದಕ್ಕೇ ಇರಬಹುದು ಎಂದು ಕೆಲವರಿಗೆ ಅನುಮಾನ ಬಂತು. ಮಾರಿಸ್ ಅವರು ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನೇ ತರಿಸಿ ನೋಡಿದರು. ದಪ್ಪಗಿರುವ ಕಂಡಕ್ಟರನೂ ಅಷ್ಟೇ ದಪ್ಪದ ಡ್ರೈವರನಿಗಿಂತ ವಾಸಿ ಇದ್ದ.

ತೂಕದ ಯಂತ್ರವನ್ನು ನಂಬಿ ಇನ್ನೊಂದು ಬಗೆಯಲ್ಲೂ ಮೋಸ ಹೋಗಬಹುದು. ಪುಣೆಯ ಕೇಳುಗರಿಗೆ ಇದು ತಮ್ಮ ಊರಿನ ಸುದ್ದಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಒಂದು ವೈದ್ಯ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ತಮ್ಮ ಫೋಟೋ ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅದೇ ಬಿಎಂಐ, ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಆ ಇಂಗ್ಲಿಷ್ ವೈದ್ಯರಿಗೆ ಶೇಕಡಾ 9.1, ನಮ್ಮ ಪುಣೆಯ ವೈದ್ಯರಿಗೆ ಶೇಕಡಾ 21.2. ನಮ್ಮ ನಾಡಿನವರ ಮೈ ಹೆಚ್ಚಾಗಿ ಹೀಗೇ. ನೋಡಲು ತೆಳ್ಳಗೆ, ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಎಚ್ಚರಿಕೆಯ ಗಂಟೆ. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 59 ಕಿಲೋ.

ಮೊದಲೇ ಸ್ನಾಯು ಕಡಿಮೆ ಇರುವವರು ಬರೀ ಪಥ್ಯ ಹಿಡಿದು, ಎರಡು ಹೊತ್ತು ಹಣ್ಣು ಮಜ್ಜಿಗೆಯಲ್ಲಿ ಕಳೆದರೆ ಏನಾಗುತ್ತದೆ? ಮುಳ್ಳು ಇಳಿಯುತ್ತದೆ, ನೆರೆಮನೆಯವರು ಹೊಗಳುತ್ತಾರೆ. ಆದರೆ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮುಂತಾದ ಬೇಕಾದ ಭಾಗ. ಪಥ್ಯ ಬಿಟ್ಟ ಮೇಲೆ ತೂಕ ಮರಳಿ ಬರುವಾಗ ಮಾತ್ರ ಬಹುಪಾಲು ಕೊಬ್ಬಾಗಿಯೇ ಬರುತ್ತದೆ. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಇರಬೇಕು, ಕೈಕಾಲಿಗೆ ಭಾರದ ಕೆಲಸವೂ ಇರಬೇಕು. ಇಲ್ಲದಿದ್ದರೆ ಇದು ಸಾಲ ತೀರಿಸಲು ಮನೆಯ ತೊಲೆ ಮಾರಿದ ಹಾಗೆ.

ಅಮೆರಿಕದಲ್ಲಿ 13 ಕಿಲೋಗಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರ ದಾಖಲೆಯೊಂದನ್ನು 1994ರಿಂದ ಇಟ್ಟಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಊಟ ಬದಲಿಸಿದವರೇ. ಹತ್ತರಲ್ಲಿ ಒಂಬತ್ತು ಜನ ದಿನಕ್ಕೆ ಸುಮಾರು ಒಂದು ಗಂಟೆ ವ್ಯಾಯಾಮ ಮಾಡುವವರು. ಯಾವ ವ್ಯಾಯಾಮ ಅಂದಿರೋ? ಹೆಚ್ಚಿನವರದು ಬರೀ ನಡಿಗೆ. ಇಳಿಸುವ ಕೆಲಸ ತಟ್ಟೆಯದು, ಇಳಿದದ್ದನ್ನು ಕಾಯುವ ಕೆಲಸ ಕಾಲಿನದು.

ಆದ್ದರಿಂದ ಅಕ್ಕಾ, ನಡಿಗೆ ನಿಲ್ಲಿಸಬೇಡಿ. ಬೆಳಗಿನ ನಿದ್ದೆಯೇ ದೊಡ್ಡದು ಎನಿಸಿದರೆ ಅರ್ಧ ಗಂಟೆಯನ್ನು ಮುರಿದುಕೊಳ್ಳಿ. ರಾತ್ರಿ ಉಂಡು ಕೈ ತೊಳೆದ ಮೇಲೆ ಸೊಸೈಟಿಯ ಅಂಗಳದಲ್ಲಿ ಹತ್ತು ನಿಮಿಷ. ಊಟದ ನಂತರದ ಸಕ್ಕರೆಗೆ ಅದು ಇನ್ನೂ ಒಳ್ಳೆಯದು. ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಬಿಟ್ಟು ಹದಿನೈದು ನಿಮಿಷ. ವಾರಕ್ಕೆ 150 ನಿಮಿಷ ಕೂಡಿದರೆ ಸಾಕು, ಒಂದೇ ಕಂತಿನಲ್ಲಿ ಕಟ್ಟಬೇಕೆಂದಿಲ್ಲ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಹತ್ತು ಸಲ ಎದ್ದು ಕೂತರೆ ತೊಡೆಗೆ ಭಾರದ ಕೆಲಸ ಸಿಕ್ಕಿತು. ಜಿಮ್ಮಿನ ಫೀ ಉಳಿಯಿತು. ಬದಲಾಯಿಸಬೇಕಾದದ್ದು ಎಣ್ಣೆ ಡಬ್ಬಿಯ ತಾರೀಕು ಮತ್ತು ಚಹಾದ ಚಮಚ. ಸಕ್ಕರೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಊಟ ತಪ್ಪಿಸಬಾರದು, ಸಕ್ಕರೆ ತೀರಾ ಕೆಳಗಿಳಿದು ತಲೆ ಸುತ್ತಿ ಬಿದ್ದಾರು. ಎದೆನೋವು, ಮಂಡಿನೋವು ಇದ್ದವರೂ ಮೊದಲು ಅವರನ್ನೇ ಕೇಳಬೇಕು.

ತೂಕದ ಯಂತ್ರವನ್ನು ಎರಡು ವಾರಕ್ಕೊಮ್ಮೆ ಹತ್ತಿದರೆ ಧಾರಾಳವಾಯಿತು. ಅದಕ್ಕಿಂತ ದರ್ಜಿಯ ಟೇಪು ನಿಜ ಹೇಳುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ತುದಿ, ಇವೆರಡರ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರೊಳಗಿರಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಅಳೆಯಬೇಡಿ. ಬಂದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದಿಡಿ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಅಳೆದು ನಮಗೊಂದು ಕಾಗದ ಹಾಕಿ. ಚಿತ್ರಗೀತೆಯ ಕೋರಿಕೆಯನ್ನೂ ಅದರಲ್ಲೇ ಸೇರಿಸಬಹುದು.